ತಿಗರಿ ಇಲ್ಲದ ಮಡಕೆ

ಬೆಳಿಗ್ಗೆ ಏಳಕ್ಕೆ ಹದಿನಾರು ಅನ್ನೋ ನಮ್ಮೂರಿಂದ ಮೈಸೂರು ಬಸ್ಸು ಹತ್ತಿದೆವು. ಶಾಲೆಯ ಇಪ್ಪತ್ತು ಮಕ್ಕಳು, ಟೀಚರಮ್ಮ, ನಾನು. ಹೆಣ್ಣು ಜಾತಿಗೆಲ್ಲ ಟಿಕೆಟ್ ಫ್ರೀ, ಗಂಡುಹುಡುಗರಿಗೆ ಅರ್ಧ ಟಿಕೆಟ್. ಹಳೇ ಕಾಲದ ಜನ ಹೆಂಗೆ ಬದುಕಿದ್ದರು ಅಂತ ಮಕ್ಕಳಿಗೆ ತೋರಿಸೋ ಪಾಠ. ಮೊದಲು ಮ್ಯೂಸಿಯಂ, ಆಮೇಲೆ ನರಸೀಪುರದ ಹೊಳೆದಂಡೆ. ಅಲ್ಲಿ ನಾನು ಮಡಕೆ ಮಾಡಿ ತೋರಿಸಬೇಕು. "ನಮ್ಮಜ್ಜಿ ಎಂಥಾ ಮಡಕೆ ಬೇಕಾದ್ರೂ ಮಾಡ್ತದೆ" ಅಂತ ನನ್ನ ಮೊಮ್ಮಗಳು ಸಿಂಚನ ಕ್ಲಾಸಿಗೆಲ್ಲ ಸಾರಿಬಿಟ್ಟಿದ್ದಳು.

ಬಸ್ಸಲ್ಲಿ ಟೀಚರಮ್ಮ ಅಂದರು, "ನರಸೀಪುರದಲ್ಲಿ ತಿಗರಿ ತರಿಸಿಟ್ಟಿದ್ದೀನಿ ಅಜ್ಜಿ. ನೀವು ತಿರುಗಿಸಿದ್ರೆ ಸಾಕು."

"ಅದ ನಾ ಮುಟ್ಟಲ್ಲ ಕಣವ್ವ. ನಮ್ಮ ಕುಂಬಾರರಲ್ಲಿ ಎಂಗಸ್ರು ತಿಗರಿ ಮುಟ್ಟಂಗಿಲ್ಲ. ಗಂಡ ತಿರುಗ್ಸಿ ಕೊಡೋನು, ನಾ ತಟ್ಟಿ ತಳ ಮುಚ್ಚೋಳು."

"ಮೊದ್ಲೇ ಹೇಳಬಾರದಿತ್ತಾ?"

"ಮಡಕೆ ಮಾಡ್ತೀರಾ ಅಂದ್ರಿ, ಊ ಅಂದೆ. ತಿಗರಿ ಮಾತು ಯಾರು ತೆಗೆದ್ರು?"

ಗಂಡ ಸತ್ತು ಆರು ವರ್ಷ. ಅವನ ತಿಗರಿ ಅವತ್ತಿಂದ ಗೋಡೆಗೆ ಒರಗಿದೆ.

ಹಿಂದಿನ ಸೀಟಲ್ಲಿ ಹುಡುಗರು ಕೇಳಿಸಿಕೊಂಡರು. "ಸಿಂಚನನ ಅಜ್ಜಿಗೆ ಮಡಕೇನೇ ಬರಲ್ವಂತೆ ಕಣ್ಲಾ!" ಸಿಂಚನ ಕಿಟಕಿ ಕಡೆ ತಿರುಗಿದವಳು ಮೈಸೂರು ತನಕ ನನ್ನ ಮುಖ ನೋಡಲಿಲ್ಲ.

ಮ್ಯೂಸಿಯಂ ತಣ್ಣಗಿತ್ತು. ಗಾಜಿನೊಳಗೆ ಬೂದಿಬಣ್ಣದ ಮಡಕೆಗಳು. ನರಸೀಪುರದ ಹೊಳೆದಂಡೆಯಲ್ಲೇ ಅಗೆದು ತೆಗೆದದ್ದಂತೆ, ಸಾವಿರಾರು ವರ್ಷ ಹಳೇವಂತೆ. ಬಗ್ಗಿ ನೋಡಿದೆ. ಬಾಯಿ ಸೊಟ್ಟ. ಮೈಮೇಲೆ ಸಣ್ಣ ಚಪ್ಪಟೆ ಗುರುತು. ಆ ಗುರುತು ನನಗೆ ಗೊತ್ತು.

"ಇದು ತಿರುಗ್ಸಿದ್ದಲ್ಲ. ತಟ್ಟಿದ್ದು" ಅಂದೆ.

"ಅಜ್ಜಿ, ಗಾಜು ಮುಟ್ಟಬೇಡಿ" ಅಂದ ಕಾವಲಿನವನು.

ಟೀಚರಮ್ಮ ಬೋರ್ಡು ಓದಿದರು. "ಹೌದು ಅಜ್ಜಿ. ಆಗ ತಿಗರಿ ಇರಲಿಲ್ಲ, ಮಣ್ಣು ಸುತ್ತಿ ಕೈಯಲ್ಲೇ ಮಾಡಿದ್ದು ಅಂತ ಬರೆದಿದೆ."

ಸಿಂಚನ ಈಗ ತಿರುಗಿ ನೋಡಿದಳು.

ನರಸೀಪುರ ಮುಟ್ಟುವಾಗ ಬಿಸಿಲು ಸುಡುತ್ತಿತ್ತು. ತಿಗರಿ ಮರದ ಕೆಳಗೆ ಕಾಯುತ್ತಿತ್ತು. ನಾನು ಅದನ್ನು ಬಿಟ್ಟು ನೆಲದ ಮೇಲೆ ಕೂತೆ. ಮಣ್ಣನ್ನು ಹಗ್ಗದ ಹಾಗೆ ಹೊಸೆದು, ಸುತ್ತಿ, ಸುತ್ತಿದ್ದನ್ನು ಬೆರಳಲ್ಲಿ ಬೆಸೆದೆ. ಹಿಂಗೆ ನಾನೂ ಯಾವತ್ತೂ ಮಾಡಿರಲಿಲ್ಲ. ಎರಡು ಸಲ ಕುಸಿಯಿತು. ಮೂರನೇದು ನಿಂತಿತು. ಪುಳಿಯೋಗರೆ ತಿನ್ನುವಷ್ಟರಲ್ಲಿ ಬಿಸಿಲಿಗೆ ಬಿಗಿಯಾಯಿತು. ಆಮೇಲೆ ಒಳಗೆ ಗುಂಡುಕಲ್ಲು ಹಿಡಿದು, ಹೊರಗಿಂದ ಹಲಗೆಯಲ್ಲಿ ತಟ್ಟಿದೆ. ಅದು ಮಾತ್ರ ಯಾರೂ ನನಗೆ ಹೇಳಿಕೊಡಬೇಕಿಲ್ಲ. ಬಾಯಿ ಸೊಟ್ಟಗೇ ಆಯಿತು, ಮ್ಯೂಸಿಯಂ ಮಡಕೆ ಹಾಗೆ. ಮಕ್ಕಳೂ ಮಾಡಿದರು. ಬಸ್ಸಲ್ಲಿ ಆಡಿಕೊಂಡಿದ್ದ ಹುಡುಗರ ಮಡಕೆ ರೊಟ್ಟಿಯಾಯಿತು.

"ನೋಡುದ್ರೇನ್ಲಾ?" ಅಂದಳು ಸಿಂಚನ. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ಆಗ ತಿಗರಿನೇ ಇಲ್ದಿದ್ರೆ, ಎಂಗಸ್ರು ಅದ ಮುಟ್ಟಬಾರದು ಅಂತ ಯಾವಾಗ ಹೇಳಿದ್ರು?"

"ಗೊತ್ತಿಲ್ಲ. ನಾ ಯಾರನ್ನೂ ಕೇಳಿಲ್ಲ."

ವಾಪಸ್ಸು ಬರುವಾಗ ನಂಜನಗೂಡಲ್ಲಿ ಬಸ್ಸು ಬದಲಾಯಿಸಿದೆವು. ಹಸಿ ಮಡಕೆಯನ್ನು ದಾರಿಯುದ್ದಕ್ಕೂ ಅವಳೇ ತೊಡೆಮೇಲೆ ಹಿಡಿದಿದ್ದಳು. ಮನೆ ಮುಟ್ಟಿದ ಕೂಡಲೇ ಅದನ್ನು ಜಗಲಿಗಿಟ್ಟು, ಗೋಡೆಗೆ ಒರಗಿದ್ದ ತಿಗರಿ ಮುಂದೆ ಹೋಗಿ ನಿಂತಳು. ಮುಟ್ಟಲಿಲ್ಲ. ಧೂಳು ಒರೆಸೋಕೆ ಬಟ್ಟೆ ಕೊಡು ಅಂದಳು.

ಅವಳ ತಾತನ ಹಳೇ ಟವೆಲ್ಲು ಇತ್ತು. ಕೊಟ್ಟೆ.