ಕೊಟ್ಟೂರಿನ ಮೂರು ಡಿಗ್ರಿ

ನಮ್ಮ ಮನೆಯವರದು ಕೂಡ್ಲಿಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಒಂದು ಬೇಸಿಗೆ ಗೊಬ್ಬರದ ಏಜೆಂಟನೊಬ್ಬ ಕ್ಯಾಲೆಂಡರಿನ ಬದಲು ಥರ್ಮಾಮೀಟರುಗಳನ್ನು ತಂದುಕೊಟ್ಟ. ಅಂಗೈ ಅಗಲದ ಪ್ಲಾಸ್ಟಿಕ್ ಹಲಗೆ, ಅದರ ಮೇಲೆ ಹಸಿರು ಪೈರಿನ ಚಿತ್ರ, ನಡುವೆ ಗಾಜಿನ ಕಡ್ಡಿ, ಕಡ್ಡಿಯೊಳಗೆ ಕೆಂಪು ಗೆರೆ. ರೈತರಿಗೆ ಹಂಚಿರಿ ಎಂದು ಹೇಳಿ ಹೋಗಿದ್ದ. ನಮ್ಮವರು ಬಳಗಕ್ಕೆ ಹಂಚಿದರು. ಒಂದು ನಮ್ಮ ಪಡಸಾಲೆಗೆ, ಒಂದು ಹಡಗಲಿ ತಾಲ್ಲೂಕಿನ ಮಾಗಳದಲ್ಲಿದ್ದ ನಮ್ಮ ನಾದಿನಿಗೆ, ಒಂದು ಹಗರಿಬೊಮ್ಮನಹಳ್ಳಿಗೆ ಕೊಟ್ಟ ನಮ್ಮ ಹಿರಿಮಗಳಿಗೆ, ಒಂದು ಹರಪನಹಳ್ಳಿಯಲ್ಲಿದ್ದ ನನ್ನ ಅಣ್ಣನ ಮಗನಿಗೆ, ಇನ್ನೊಂದು ಕೊಟ್ಟೂರಿನ ಬೀಗರಿಗೆ. ನನ್ನ ಮಗನ ಮದುವೆಯಾಗಿ ಆಗಿನ್ನೂ ಎರಡು ತಿಂಗಳಾಗಿತ್ತು.

ಎಲ್ಲರಿಗೂ ಹೇಳಿದ್ದು ಒಂದೇ ಮಾತು. ಮೇ ತಿಂಗಳು ಪೂರ್ತಿ, ಮಧ್ಯಾಹ್ನ ಉಂಡು ಕೈ ತೊಳೆದ ಮೇಲೆ ಕೆಂಪು ಗೆರೆ ಎಲ್ಲಿ ನಿಂತಿದೆ ನೋಡಬೇಕು, ಸಂಜೆ ಅಂಗಡಿಗೆ ಫೋನು ಮಾಡಿ ಹೇಳಬೇಕು. ಆಗ ಮನೆಮನೆಗೆ ಫೋನು ಬರುತ್ತಿದ್ದ ಹೊತ್ತು. ಫೋನು ಇದ್ದವರಿಗೆ ಮಾತಾಡಲು ನೆಪ ಬೇಕಿತ್ತು, ಬಿಸಿಲು ಸಿಕ್ಕಿತು. ನಮ್ಮವರು ಕಿವಿಗೆ ಫೋನು ಒತ್ತಿಕೊಂಡು ಕ್ಯಾಲೆಂಡರಿನ ಒಂದೊಂದು ಚೌಕದಲ್ಲೂ ಪೆನ್ಸಿಲಿನಿಂದ ಅಂಕಿ ಬರೆಯುತ್ತಿದ್ದರು. ನಾನು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಅಂಕಿ ಓದಲು ಅಷ್ಟು ಸಾಕು.

ಮಾಗಳದ ನಾದಿನಿಯ ಅಂಕಿ ಯಾವಾಗಲೂ ಎಲ್ಲರಿಗಿಂತ ಕಡಿಮೆ. ಅದರ ಜಂಬವೂ ಆಕೆಗೆ ಇತ್ತು.

"ಹೊಳಿ ದಂಡಿ ಊರು ಅಣ್ಣಾ ನಮ್ದು. ನಿಮ್ಮಂಗ ಬೇಯೋದಿಲ್ಲ ನಾವು" ಎನ್ನುತ್ತಿದ್ದಳು.

ಹರಪನಹಳ್ಳಿಯವನು ಫೋನಿನಲ್ಲೇ ನಗುತ್ತಿದ್ದ. "ಮಾಮಾ, ಇಲ್ಲಿ ಬೇವಿನ ಗಿಡಕ್ಕೆ ಕಟ್ಟೀನಿ. ಕಾಗೆ ಬಂದು ನೋಡ್ಕೊಂಡು ಹೋಗ್ತೈತೆ, ಅದನ್ನೇ ಕೇಳಿ ಹೇಳ್ಲಾ?"

ಮೊದಲನೆಯ ವರ್ಷ ಕೊಟ್ಟೂರಿಗೂ ನಮಗೂ ಒಂದು ಡಿಗ್ರಿ ಆಚೆ ಈಚೆ ಇತ್ತು. ಎರಡನೆಯ ವರ್ಷ ಕೊಟ್ಟೂರು ನಮ್ಮನ್ನು ಮೂರು ಡಿಗ್ರಿ ಹಿಂದೆ ಹಾಕಿತು. ದಿನವೂ ಮೂರು, ಕೆಲವು ದಿನ ಅದಕ್ಕೂ ಹೆಚ್ಚು. ನಮ್ಮವರು ಅಂಗಡಿಗೆ ಬಂದವರಿಗೆಲ್ಲ ಕಾರಣ ವಿವರಿಸಿದರು. "ಅಲ್ಲಿ ಕರಿ ಮಣ್ಣು. ಕಡ್ಲಿ ಕಿತ್ತ ಹೊಲ ಬಾಯಿ ಬಿಟ್ಕೊಂಡು ಬಿದ್ದೈತಿ, ಝಳ ಎಲ್ಲಾ ಊರೊಳಗ ನುಗ್ಗತೈತಿ." ಕೇಳಿದವರು ಹೌದೌದು ಎಂದರು. ನಾನೂ ಎಂದೆ. ನನಗೆ ಆ ಮೂರು ಡಿಗ್ರಿ ಬೇಕಾಗಿತ್ತು.

ಸೊಸೆ ಆಗ ತುಂಬು ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಇದು ನಮ್ಮ ಕಡೆ ಯಾರೂ ಬಾಯಿ ಬಿಟ್ಟು ಹೇಳಬೇಕಾದ ಮಾತಲ್ಲ. ನಾನು ನನ್ನ ತವರಿನಲ್ಲಿ ಹೆತ್ತೆ, ನನ್ನ ಹೆಣ್ಣುಮಕ್ಕಳು ನನ್ನ ಮನೆಗೆ ಬಂದು ಹೆತ್ತರು. ಆದರೆ ಈಕೆಯನ್ನು ಕಳಿಸಲು ನನಗೆ ಮನಸ್ಸಿರಲಿಲ್ಲ. ಮಗನ ಮೊದಲ ಕೂಸನ್ನು ನಾನೇ ಮೊದಲು ಎತ್ತಿಕೊಳ್ಳಬೇಕು ಎಂಬ ಆಸೆ ಒಂದು. ಇನ್ನೊಂದು, ನನ್ನ ಬಲ ಮಣಿಕಟ್ಟು ನೋಯುತ್ತಿತ್ತು, ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ಆಕೆ ಒಂಬತ್ತನೆಯ ತಿಂಗಳಲ್ಲೂ ಒಲೆ ಮುಂದೆ ಕುಳಿತು ಬಡಿಯುತ್ತಿದ್ದಳು. ಹೋದರೆ ಬಾಣಂತನ ಮುಗಿಸಿ ಐದು ತಿಂಗಳಿಗೆ ಬರುತ್ತಾಳೆ. ಮೊದಲನೆಯ ಕಾರಣ ಹೇಳಿ ಎರಡನೆಯದನ್ನು ನುಂಗಿದರೆ ಸುಳ್ಳಾಗುತ್ತದೆ, ಅದಕ್ಕೆ ಎರಡೂ ಹೇಳುತ್ತಿದ್ದೇನೆ.

ಬಸವ ಜಯಂತಿಯ ಮರುದಿನ ಬೀಗರು, ಬೀಗತಿ ಆಕೆಯನ್ನು ಕರೆದೊಯ್ಯಲು ಬಂದರು. ಬೀಗತಿ ಹೊಸ ಸೀರೆ, ಹಸಿರು ಬಳೆ, ದಾರಿಗೆಂದು ಬುತ್ತಿ ಎಲ್ಲ ತಂದಿದ್ದರು. ಊಟವಾದ ಮೇಲೆ ನಾನು ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ತಂದು ಅವರ ಮುಂದೆ ಇಟ್ಟೆ.

"ನೋಡ್ರಿ, ನಿಮ್ಮ ಊರು ನಲವತ್ತಮೂರು. ನಮ್ಮದು ನಲವತ್ತು. ಇಂಥಾ ಬಸರಿ ಹೆಂಗಸನ್ನ ಆ ಕೆಂಡದಾಗ ಹೆಂಗ ಕಳಸೋದು?"

ಬೀಗತಿ ಅಂಕಿಯನ್ನು ನೋಡಿದರು. ಅವು ಅವರೇ ದಿನಾ ನೋಡಿ ಹೇಳಿದ ಅಂಕಿಗಳು. ಅಲ್ಲ ಎನ್ನುವ ಹಾಗಿರಲಿಲ್ಲ.

"ಬಾಣಂತಿ ಕ್ವಾಣಿಗೆ ಸುಣ್ಣ ಬಳಿಸೀನ್ರಿ ಅಕ್ಕಾರ" ಎಂದರು. "ಹೊರಸಿಗೆ ಹೊಸಾ ಹಗ್ಗ ಹಾಕ್ಸೀವಿ. ಕೊಬ್ರಿ, ಅಂಟು, ಎಲ್ಲಾ ತಂದಿಟ್ಟೈತಿ."

"ಇರಲಿ. ರೋಹಿಣಿ ಮಳಿ ಬಿದ್ದು ಭೂಮಿ ತಣ್ಣಗಾಗಲಿ, ನಾನೇ ಕರಕೊಂಡು ಬರ್ತೀನಿ."

ಸೊಸೆ ಅಡುಗೆಮನೆಯ ಬಾಗಿಲಲ್ಲಿ ಪೆಟ್ಟಿಗೆ ಕಟ್ಟಿಕೊಂಡು ನಿಂತಿದ್ದಳು. ನಮ್ಮವರು ಬಿಸಿಲಿನ ಲೆಕ್ಕ ಸರಿಯಾಗಿ ಉಪಯೋಗಕ್ಕೆ ಬಂತಲ್ಲ ಎಂಬ ಖುಷಿಯಲ್ಲಿ ತಲೆ ಆಡಿಸಿದರು. ಬೀಗರು ಬರಿಗೈಯಲ್ಲಿ ಬಸ್ಸು ಹತ್ತಿದರು. ಬುತ್ತಿಯನ್ನು ಮಗಳಿಗೇ ಬಿಟ್ಟು ಹೋದರು.

ಒಂದು ವಾರ ಕಳೆದು ಕೊಟ್ಟೂರಿನಲ್ಲಿ ನಮ್ಮ ಬಳಗದವರ ಮದುವೆ ಇತ್ತು. ನಾನೊಬ್ಬಳೇ ಹೋದೆ. ಅಕ್ಕಿಕಾಳು ಹಾಕಿ, ಉಂಡು, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಬೀಗರ ಮನೆಗೆ ಹೋದೆ. ಮದುವೆಗೆ ಬಂದು ಅವರ ಹೊಸ್ತಿಲು ತುಳಿಯದೆ ಹೋದರೆ ಮಾತು ಬರುತ್ತದೆ.

ಅವರದು ಹಳೆಯ ಮಣ್ಣಿನ ಮಾಳಿಗೆ ಮನೆ. ಗೋಡೆ ಮೊಳದಷ್ಟು ದಪ್ಪ. ಬೀಗತಿ ಮಗಳಿಗೆಂದು ಸಿದ್ಧ ಮಾಡಿದ್ದ ಕೋಣೆಯ ಬಾಗಿಲು ತೆರೆದು, "ಬಿಸಲಾಗ ಬಂದೀರಿ, ಒಂದೀಟು ಅಡ್ಡಾಗ್ರಿ" ಎಂದರು. ಹೊಸ ಹಗ್ಗದ ಹೊರಸಿನ ಮೇಲೆ ಅಡ್ಡಾದೆ. ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮೂಲೆಯಲ್ಲಿ ಬಾಣಂತಿಗೆ ಹೊಗೆ ಹಾಕಲು ಕುಳ್ಳು ಒಟ್ಟಿದ್ದರು. ಕಣ್ಣು ಹತ್ತಿತು. ಎಚ್ಚರಾದಾಗ ಸೆರಗನ್ನು ಕಾಲಿನವರೆಗೆ ಎಳೆದು ಹೊದ್ದುಕೊಂಡಿದ್ದೆ. ಮೇ ತಿಂಗಳ ನಡುಮಧ್ಯಾಹ್ನ ನಾನು ಹೊದಿಕೆ ಹುಡುಕಿದ್ದೆ. ಕೂಡ್ಲಿಗಿಯ ನಮ್ಮ ಮನೆ ಸಿಮೆಂಟಿನ ಮೋಲ್ಡ್ ಮನೆ. ಅದೇ ಹೊತ್ತಿಗೆ ಅಲ್ಲಿ ಗೋಡೆಗೆ ಬೆನ್ನು ಕೊಟ್ಟರೆ ಹೆಂಚಿಗೆ ಕೊಟ್ಟ ಹಾಗೆ ಆಗುತ್ತಿತ್ತು.

ಎದ್ದು ಮುಖ ತೊಳೆದು ವಿಭೂತಿ ಹಚ್ಚಿಕೊಳ್ಳಲು ದೇವರ ಜಗಲಿಗೆ ಹೋದೆ. ಜಗಲಿಯ ಮೇಲೆ ದೇವರ ಪಕ್ಕದಲ್ಲೇ ಗೊಬ್ಬರದ ಕಂಪನಿಯ ಹಲಗೆ ನಿಂತಿತ್ತು. ಪೈರಿನ ಚಿತ್ರದ ಮೇಲೆ ಮೂರು ಬೆರಳಿನ ವಿಭೂತಿ. ಅದರ ಬುಡದಲ್ಲಿ ಹಿತ್ತಾಳೆಯ ದೀಪ ಉರಿಯುತ್ತಿತ್ತು.

"ಇದನ್ಯಾಕ ಇಲ್ಲಿಟ್ಟೀರಿ?" ಎಂದೆ.

"ಮತ್ತೆ, ಬೀಗರು ಕೊಟ್ಟ ವಸ್ತು. ಎಲ್ಲೆಂದರಲ್ಲಿ ಮೊಳಿ ಹೊಡದು ತೂಗ ಹಾಕಾಕ ಬರತೈತೇನ್ರಿ? ಬಂದ ದಿನದಿಂದ ಇಲ್ಲೇ ಐತಿ."

"ದೀಪ? ಹಗಲೊತ್ತು?"

ಬೀಗತಿ ಬತ್ತಿಯನ್ನು ಸ್ವಲ್ಪ ಮುಂದೆ ಸರಿಸಿದರು. "ಅದು ನಿಮ್ಮ ಸೊಸಿ ಹೆಸರೀಲೆ ಐತ್ರಿ. ಆಕಿ ಬಸರಿ ಅಂತ ಸುದ್ದಿ ಬಂದಾಗಿಂದ ಆರಾಕ ಬಿಟ್ಟಿಲ್ಲ. ಹೆರಿಗಿ ಸುಸೂತ್ರ ಆಗೂತನ ಉರೀಲಿ ಅಂತ ಬೇಡಿಕೊಂಡೀನಿ."

ನನಗೆ ಎಲ್ಲ ತಿಳಿಯಿತು. ಹೋದ ವರ್ಷ ದೀಪ ಬೆಳಿಗ್ಗೆ ಸಂಜೆ ಮಾತ್ರ, ಈ ವರ್ಷ ಹಗಲು ರಾತ್ರಿ. ಕಾರಣ ಕಪ್ಪು ಮಣ್ಣೂ ಅಲ್ಲ, ಕಡಲೆ ಹೊಲವೂ ಅಲ್ಲ. ಮಗಳು ಸುಖವಾಗಿ ಹೆರಲಿ ಎಂದು ತಾಯಿ ಹಚ್ಚಿದ ದೀಪವೇ ಕೆಂಪು ಗೆರೆಯನ್ನು ಮೇಲೆ ನೂಕುತ್ತಿತ್ತು, ನಾನು ಆ ಗೆರೆ ಹಿಡಿದು ಮಗಳನ್ನು ತಡೆದಿದ್ದೆ. ಆ ಹೊತ್ತಿನಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಇದನ್ನು ಪಡಸಾಲೆಗೆ ಹಾಕಿರಿ, ನಾಳೆಯೇ ಬಂದು ಮಗಳನ್ನು ಕರೆದುಕೊಂಡು ಹೋಗಿರಿ ಎನ್ನಬಹುದಿತ್ತು. ಅವರು ಕೊಟ್ಟ ಚಹಾ ಕುಡಿದೆ. ಎಲೆ ಅಡಿಕೆ ಹಾಕಿಕೊಂಡೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಮನೆಗೆ ಬಂದಾಗ ಸೊಸೆ ಕಾಲು ತೊಳೆಯಲು ನೀರು ಕೊಟ್ಟಳು. ಕೊಡುತ್ತಾ ಕೇಳಿದಳು, "ಅತ್ತಿ, ನಮ್ಮ ಮನ್ಯಾಗ ಬಾಳ ಧಗಿ ಐತೇನ್ರಿ?"

"ಐತಿ" ಎಂದೆ.

ರೋಹಿಣಿ ಮಳೆಯವರೆಗೆ ಕಾಯಲು ಕೂಸು ಒಪ್ಪಲಿಲ್ಲ. ಲೆಕ್ಕಕ್ಕಿಂತ ಮೊದಲೇ ನೋವು ಬಂತು, ಕೂಡ್ಲಿಗಿಯ ಆಸ್ಪತ್ರೆಯಲ್ಲೇ ಹೆಣ್ಣು ಕೂಸು ಹುಟ್ಟಿತು. ತಾಯಿ, ಮಗು ಚೆನ್ನಾಗಿದ್ದರು. ನಾನು ಬಯಸಿದ ಹಾಗೆ ನಾನೇ ಮೊದಲು ಎತ್ತಿಕೊಂಡೆ. ಮರುದಿನ ಬೀಗತಿ ಬಂದರು. ಜೋಳದ ಹಿಟ್ಟು, ತುಪ್ಪ, ಅಂಟಿನ ಉಂಡೆ ಎಲ್ಲವನ್ನೂ ಕಟ್ಟಿಕೊಂಡು ಬಂದಿದ್ದರು, ಕುಡಿಯುವ ತಂಬಿಗೆಯನ್ನು ಕೂಡ. ಮಗಳನ್ನು ಕೊಟ್ಟ ಮನೆಯಲ್ಲಿ ತಾಯಿ ದಿನಗಟ್ಟಲೆ ಉಂಡುಕೊಂಡು ಇರುವುದು ನಮ್ಮಲ್ಲಿ ಮರ್ಯಾದೆ ಎನಿಸುವುದಿಲ್ಲ. ಹಸಿ ಬಾಣಂತಿಯನ್ನು ಬಸ್ಸಿನಲ್ಲಿ ಒಯ್ಯುವ ಹಾಗಿರಲಿಲ್ಲ, ಅದಕ್ಕೆ ಅವರೇ ಉಳಿದರು. ತಮ್ಮ ಹಿಟ್ಟಿನಲ್ಲಿ ತಮ್ಮ ರೊಟ್ಟಿ ಬಡಿದುಕೊಂಡು, ಉಳಿದ ಹಿಟ್ಟಿನಲ್ಲಿ ನಮಗೂ ಬಡಿದು ಹಾಕುತ್ತಿದ್ದರು. ಬೇಡ ಎಂದೆ. "ನಿಮ್ಮ ಕೈ ನೋಯ್ತೈತಿ, ಇರಲಿ ಬಿಡ್ರಿ" ಎಂದರು. ಆ ರೊಟ್ಟಿಯನ್ನು ನಾನು ತಿಂದೆ.

ಮೋಲ್ಡಿನ ಕೆಳಗೆ ಕೂಸಿನ ಮೈತುಂಬ ಬೆವರುಸಾಲೆ ಎದ್ದಿತು. ಬೀಗತಿ ಗೋಣಿಚೀಲ ತೋಯಿಸಿ ಕಿಟಕಿಗೆ ಕಟ್ಟುವರು, ಅದು ಒಣಗುವುದು, ಮತ್ತೆ ತೋಯಿಸುವರು. ಒಂದು ಮಧ್ಯಾಹ್ನ ಕೂಸಿಗೆ ಬೀಸಣಿಗೆ ಬೀಸುತ್ತಾ, ಯಾರನ್ನೂ ಚುಚ್ಚದ ದನಿಯಲ್ಲಿ, "ನಿಮ್ಮಲ್ಲೂ ಧಗಿ ಏನು ಕಡಿಮಿ ಇಲ್ರಿ" ಎಂದರು.

ನಮ್ಮವರು ಪಡಸಾಲೆಯ ಗೋಡೆ ನೋಡಿದರು. "ನಿಮ್ಮಲ್ಲಿ ಇನ್ನೂ ಮೂರು ಜಾಸ್ತಿ ಬೀಗತಿ. ಹೆಂಗ ತಡೀತೀರಿ?"

"ನಮ್ಮ ಮಣ್ಣಿನ ಮನ್ಯಾಗ ಇಷ್ಟು ಅನಸಾಂಗಿಲ್ರಿ."

"ಅನಸಾಂಗಿಲ್ಲ? ಆ ಹಲಗಿ ಎಲ್ಲಿ ಹಾಕೀರಿ?"

ಬೀಗತಿ ಹೇಳಿದರು. ಜಗಲಿ, ವಿಭೂತಿ, ದೀಪ, ಯಾವುದನ್ನೂ ಬಿಡದೆ ಹೇಳಿದರು. ಹೇಳಿ ಮುಗಿಸಿ ನನ್ನ ಕಡೆ ತಿರುಗಿ, "ಅಕ್ಕಾರು ನೋಡ್ಯಾರಲ್ಲ" ಎಂದರು.

ನಮ್ಮವರು ನನ್ನ ಮುಖ ನೋಡಿದರು. "ನೋಡೀಯೇನು?"

"ನೋಡೀನಿ."

"ಯಾವಾಗ?"

"ಮದುವಿಗೆ ಹೋದಾಗ."

ಒಳಕೋಣೆಯಲ್ಲಿ ಸೊಸೆ ಕೂಸಿಗೆ ಹಾಲು ಕೊಡುತ್ತಿದ್ದಳು. ಹೊರಸಿನ ಸಪ್ಪಳ ನಿಂತಿತು. ನಮ್ಮವರು ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರು. ಬೀಗತಿ ಎದ್ದು ಗೋಣಿಚೀಲ ತೋಯಿಸಲು ಹೋದರು. ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಆಡಲು ನನಗೆ ಬರುತ್ತದೆ. ಬೀಗತಿಗೆ ಇದ್ದದ್ದು ಒಬ್ಬಳೇ ಮಗಳು. ಆ ಸುಣ್ಣ ಬಳಿದ ಕೋಣೆಯಲ್ಲಿ ಆಗಬೇಕಾಗಿದ್ದ ಚೊಚ್ಚಲ ಹೆರಿಗೆ ಅದೊಂದೇ.

ಮುಂದಿನ ಬೇಸಿಗೆ ನಮ್ಮವರು ಉಳಿದ ನಾಲ್ಕೂ ಮನೆಗೆ ಬಸ್ಸಿನಲ್ಲಿ ತಿರುಗಿದರು. ನಮ್ಮದೂ ಸೇರಿ ಎಲ್ಲ ಹಲಗೆಗಳನ್ನೂ ಒಂದೇ ರೀತಿ, ಬಿಸಿಲು ತಾಗದ ಹೊರಗೋಡೆಗೆ, ಆಳೆತ್ತರದಲ್ಲಿ ಹೊಡೆದು ಬಂದರು. ಮಾಗಳದಲ್ಲಿ ಅದು ಅಲ್ಲಿಯವರೆಗೆ ನೀರಿನ ಹರವಿಗಳ ಮೇಲೆ ತೂಗುತ್ತಿತ್ತಂತೆ. ಹಗರಿಬೊಮ್ಮನಹಳ್ಳಿಯಲ್ಲಿ ಮಗಳು ಒಲೆಯ ಹಿಂದಿನ ಗೋಡೆಗೆ ಹಾಕಿದ್ದಳಂತೆ. ಆ ವರ್ಷ ಹೊಳೆ ದಂಡೆಯ ಮಾಗಳವೇ ಎಲ್ಲಕ್ಕಿಂತ ಮೇಲೆ ಹೋಯಿತು. ಹರಪನಹಳ್ಳಿ ಒಂದು ಸ್ವಲ್ಪ ತಣ್ಣಗೆ. ಕೂಡ್ಲಿಗಿ, ಕೊಟ್ಟೂರು ಎರಡೂ ಒಂದೇ. ಅಂಗಡಿಗೆ ಫೋನು ಬಂತು.

"ಅಣ್ಣಾ, ನಮ್ಮ ಹೊಳಿ ಮರ್ಯಾದಿ ತಗದಿ ನೋಡು. ಇನ್ನ ನಾ ಫೋನು ಮಾಡಾಂಗಿಲ್ಲ" ಎಂದು ನಾದಿನಿ ಹೇಳಿದಳಂತೆ. ಮರುದಿನವೂ ಮಾಡಿದಳು.

ಮೊದಲು ಅಂಕಿ ಬರೆದಾಗ ನಮ್ಮವರು ನನ್ನನ್ನು ಕರೆದು ತೋರಿಸುತ್ತಿದ್ದರು. ಆಮೇಲೆ ಕರೆಯಲಿಲ್ಲ. ನಾನೇ ಹೋಗಿ ನೋಡುತ್ತಿದ್ದೆ. ಕೊಟ್ಟೂರಿನ ಅಂಕಿ, ನಮ್ಮ ಅಂಕಿ, ಎರಡನ್ನೂ.

ಸೊಸೆ ಮತ್ತೆ ಬಸುರಿಯಾದಳು. ಈ ಸಲ ನಾನು ಮೊದಲೇ ಹೇಳಿದೆ, ಕೊಟ್ಟೂರಿಗೆ ಹೋಗಿ ಬಾ, ಎಷ್ಟು ತಿಂಗಳಾದರೂ ಇರು ಎಂದು. ಆಕೆ ಹಿಟ್ಟು ನಾದುತ್ತಿದ್ದಳು.

"ಎರಡನೇದು ಅತ್ತಿ ಮನ್ಯಾಗ ಅಲ್ರೀ?" ಎಂದಳು.

"ರೂಢಿ ಹಂಗೈತಿ. ನಾ ಕಳಸತೀನಿ ಅಂದ್ರ ಯಾರು ಕೇಳ್ತಾರ?"

"ಅವ್ವನ್ನ ಕೇಳ್ರಿ" ಎಂದು ಹಿಟ್ಟಿನ ಮುದ್ದೆ ತಿರುವಿದಳು.

ಫೋನು ಮಾಡಿ ಬೀಗತಿಯನ್ನು ಕೇಳಿದೆ. ಅಷ್ಟು ಮೆತ್ತಗೆ ನಾನು ಯಾರನ್ನೂ ಕೇಳಿದವಳಲ್ಲ.

"ಬ್ಯಾಡ್ರಿ ಅಕ್ಕಾರ" ಎಂದರು. "ಮೊದಲನೇದಕ್ಕಾದ್ರ ನಮಗ ಹಕ್ಕಿತ್ತು. ಎರಡನೇದು ನಿಮ್ದು. ಹಿಂದಿಂದು ಮುಂದ ಮಾಡಿದ್ರ ಜನ ಏನಂತಾರ?"

ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದರೆ ನನಗೆ ಅನುಕೂಲವಿತ್ತು.

ಎರಡನೆಯ ಬಾಣಂತನ ನಾನೇ ಮಾಡಿದೆ. ನೀರು ಕಾಯಿಸಿ ಎರೆದೆ, ಹೊಗೆ ಹಾಕಿದೆ, ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ರೊಟ್ಟಿ ಬಡಿದೆ. ಹೆಸರಿಡುವ ದಿನ ಬೀಗತಿ ಬಂದರು. ಕೂಸಿಗೆ ಅಂಗಿ, ಕುಂಚಿಗೆ ತಂದಿದ್ದರು. ಹೊಸ್ತಿಲಲ್ಲಿ ನಾನು ನೀರು ಕೊಟ್ಟೆ, ಕಾಲು ತೊಳೆದುಕೊಂಡು ಒಳಗೆ ಬಂದು ಚಾಪೆಯ ಮೇಲೆ ಕುಳಿತರು. ಅಡುಗೆಮನೆಗೆ ಬರಲಿಲ್ಲ. ಒಂದೆರಡು ದಿನ ಇರಿ ಎಂದು ನಾನು ಮೂರು ಸಲ ಹೇಳಿದೆ. "ಇನ್ನೊಮ್ಮೆ ಬರ್ತೀನ್ರಿ" ಎಂದರು. ಉಂಡರು, ಇಬ್ಬರು ಮೊಮ್ಮಕ್ಕಳ ಗಲ್ಲ ಮುಟ್ಟಿದರು, ಸಂಜೆಯ ಬಸ್ಸಿಗೆ ಹೋದರು.