ಗುಡಿಸಬಾರದ ಜಾಗ

ಆ ಕಟ್ಟಡದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಮೂವತ್ತಾರು ಮನೆಗಳ ಪ್ಯಾಂಟಿನ ಅಂಚು, ಶಾಲೆಯ ಅಂಗಿಯ ಕಾಲರು, ಹರಿದ ದಿಂಬಿನ ಚೀಲ ಎಲ್ಲವೂ ಅವಳ ಹೊಲಿಗೆ ಯಂತ್ರದಡಿ ಹಾದುಹೋಗಿದ್ದರಿಂದ ಎಲ್ಲರ ಬಾಯಲ್ಲೂ ಅವಳು ಟೈಲರಕ್ಕ. ಗಂಡ ಮಾತ್ರ ‘ಇವಳೇ’ ಎನ್ನುತ್ತಿದ್ದ. ಅತ್ತೆ ಏನೂ ಕರೆಯುತ್ತಿರಲಿಲ್ಲ; ಲೋಟವನ್ನು ಎರಡು ಸಲ ಮೇಜಿಗೆ ಕುಟ್ಟಿದರೆ ಸೊಸೆ ಬಂದು ನಿಲ್ಲುತ್ತಾಳೆಂದು ಅವರಿಗೆ ಗೊತ್ತಿತ್ತು.

ಹದಿನಾಲ್ಕನೇ ವಯಸ್ಸಿಗೆ ಚಿಕ್ಕಮ್ಮನ ಪಕ್ಕ ಕೂತು ಕಾಜಾ ಹಾಕಲು ಕಲಿತವಳಿಗೆ ಈಗ ಐವತ್ತಮೂರು. ಮನೆಯ ಮುಂದಿನ ಕೋಣೆ ಟೀವಿಗೂ ಬಂದುಹೋಗುವವರಿಗೂ ಮೀಸಲಾದ್ದರಿಂದ ಅವಳ ಯಂತ್ರಕ್ಕೆ ಸಿಕ್ಕಿದ್ದು ಅಡುಗೆಮನೆಯಾಚೆಯ ಹಿಂಬದಿ ಕಿಟಕಿ. ಒಲೆಯ ಮೇಲಿಟ್ಟದ್ದು ಸೀಯುವ ಮೊದಲೇ ಎದ್ದುಹೋಗಬಹುದಲ್ಲ, ಎಷ್ಟು ಅನುಕೂಲ ನೋಡು ಎಂದಿದ್ದ ಗಂಡ, ತಾನೇ ಏನೋ ಉಪಕಾರ ಮಾಡಿದವನ ಹಾಗೆ.

ಆ ಕಿಟಕಿಯಿಂದ ಕಾಣುತ್ತಿದ್ದದ್ದು ಕಟ್ಟಡದ ಬೆನ್ನಿಗೂ ಕಾಂಪೌಂಡು ಗೋಡೆಗೂ ನಡುವಿನ ಓಣಿಯಂಥ ಜಾಗ. ಎಂಟಡಿ ಅಗಲ, ಕಟ್ಟಡದಷ್ಟೇ ಉದ್ದ. ಒಡೆದ ಬಕೆಟ್ಟು, ಮೇಲಿನ ಮನೆಗಳಿಂದ ಜಾರಿ ಬಿದ್ದ ಬಟ್ಟೆಯ ಕ್ಲಿಪ್ಪು, ಯಾರೂ ಕೇಳದ ಮಣ್ಣು. ಇಪ್ಪತ್ತೆಂಟು ವರ್ಷ ಅವಳು ಒಂದೊಂದು ಹೊಲಿಗೆ ಮುಗಿಸಿ ಕತ್ತೆತ್ತಿದಾಗಲೂ ನೋಡಿದ್ದು ಅದನ್ನೇ.

ಎರಡು ವರ್ಷದ ಹಿಂದೆ ಅಲ್ಲಿ ತಾನಾಗಿ ಹುಟ್ಟಿದ್ದ ತೊಗರಿ ಗಿಡದ ಎಲೆಗಳಲ್ಲಿ ಅವಳು ತೂತು ಕಂಡಳು. ಹುಳ ತಿಂದ ತೂತಲ್ಲ. ಅಂಚಿನಿಂದ ಒಳಕ್ಕೆ ದುಂಡಗೆ, ಗುಂಡಿಯ ಅಳತೆಗೆ ಕತ್ತರಿಸಿ ತೆಗೆದ ಹಾಗೆ. ಇದು ಕತ್ತರಿ ಹಿಡಿದವರ ಕೆಲಸವೇ ಎಂದು ಮೂರು ದಿನ ಕಾದಳು. ಮೂರನೇ ದಿನ ಕಳ್ಳಿ ಸಿಕ್ಕಿದಳು. ಜೇನಿನಂಥದೊಂದು ಹುಳ ಎಲೆಯ ಅಂಚಿಗೆ ಕಾಲೂರಿ, ತನ್ನ ಸುತ್ತ ತಾನೇ ತಿರುಗಿ, ನಾಲ್ಕು ಉಸಿರಿನಷ್ಟು ಹೊತ್ತಿನಲ್ಲಿ ಒಂದು ಬಿಲ್ಲೆ ಕತ್ತರಿಸಿಕೊಂಡು ಹೊಟ್ಟೆಗವಚಿ ಹಾರಿಹೋಯಿತು. ಸೀಮೆಸುಣ್ಣದ ಗುರುತಿಲ್ಲ, ಟೇಪಿಲ್ಲ. ಟೈಲರಕ್ಕ ಕೈಯಲ್ಲಿದ್ದ ಪ್ಯಾಂಟನ್ನು ಮರೆತು ಕೂತಳು.

ಎರಡನೇ ಮಹಡಿಯ ಟೀಚರಿಗೆ, ಅಂಗಿಯ ಅಳತೆ ಕೊಡಲು ಬಂದಾಗ, ಇದನ್ನು ಹೇಳಿದಳು. ಟೀಚರು ಜೀವಶಾಸ್ತ್ರ ಕಲಿಸುವವಳು. ಅಳತೆ ಬಿಟ್ಟು ಕಿಟಕಿಗೆ ಅಂಟಿಕೊಂಡಳು.

“ಇದು ಗುಂಪಾಗಿ ಹುಟ್ಟು ಕಟ್ಟೋ ಜೇನಲ್ಲ ಅಕ್ಕಾ. ಒಂಟಿ. ಟೊಳ್ಳು ದಂಟಿನ ಒಳಗೆ ಆ ಎಲೆ ಸುತ್ತಿ ತೊಟ್ಟಿಲು ಮಾಡುತ್ತೆ, ಊಟ ಇಡುತ್ತೆ, ಒಂದು ಮೊಟ್ಟೆ, ಮೇಲೆ ಮುಚ್ಚಳ. ಮತ್ತೆ ಅದರ ಪಕ್ಕ ಇನ್ನೊಂದು.”

“ಎಲ್ಲಾ ತಾಯಿ ಒಬ್ಳೇ?”

“ಒಬ್ಳೇ.”

“ಗಂಡು ಏನ್ ಮಾಡುತ್ತೆ?”

“ಹೂವಿನ ಮೇಲೆ ಓಡಾಡ್ಕೊಂಡಿರುತ್ತೆ.”

“ಅಲ್ಲೂ ಹಾಗೇನಾ,” ಎಂದಳು ಟೈಲರಕ್ಕ. ಇಬ್ಬರೂ ನಕ್ಕರು. ಆಚೆ ಕೋಣೆಯಲ್ಲಿ ಲೋಟ ಎರಡು ಸಲ ಕುಟ್ಟಿತು.

ಹಾಗೆ ಶುರುವಾದದ್ದು. ಟೀಚರು ಆ ಮಣ್ಣಿನಲ್ಲಿ ಹಿಂದಿನಿಂದ ಬೆಳೆಯುತ್ತಿದ್ದ ಗಿಡಗಳ ಪಟ್ಟಿ ಬರೆದಳು: ತುಂಬೆ, ಎಕ್ಕ, ಹರಳು, ಬೇಲಿಬಳ್ಳಿಗಳು. ರೈಲು ಹಳಿಯ ಪಕ್ಕದಿಂದ, ಹಳೇ ಕೆರೆ ಏರಿಯಿಂದ ಬೀಜ ಬಂತು. ಎಂಟು ಮನೆಯ ಹೆಂಗಸರು ಸೇರಿದರು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಬಟ್ಟೆ ಜಾಲಿಸಿದ ಕೊನೇ ನೀರು ಎಲ್ಲ ಕೆಳಗಿಳಿಯಿತು. ಯಾರಿಗೂ ಇದಕ್ಕೆಂದು ಬಿಡುವು ಸಿಗಲಿಲ್ಲ. ಕುಕ್ಕರಿನ ಎರಡನೇ ಸೀಟಿಗೂ ಮೂರನೇ ಸೀಟಿಗೂ ನಡುವೆ ಬಂದು ಒಂದು ಪಾತಿ ಅಗೆದು ಹೋದವರೇ ಎಲ್ಲ.

ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಯ ಲೆಕ್ಕ ಬೇರೆಯಿತ್ತು. ಒಂದನೇ ನಂಬರಿನ ಮನೆಯ ಆ ನಿವೃತ್ತ ಹೆಡ್‌ಕ್ಲಾರ್ಕು ಅಲ್ಲಿ ಸಿಮೆಂಟಿನ ಟೈಲ್ಸ್ ಹಾಕಿಸಿ ಸ್ಕೂಟರು ನಿಲ್ಲಿಸುವ ಜಾಗ ಮಾಡಬೇಕೆಂದಿದ್ದ. ಹೆಂಗಸರು ಗುಂಪಾಗಿ ಹೋಗಿ ಕೇಳಿದ್ದಕ್ಕೆ ಒಂದು ವರ್ಷ ಬಿಟ್ಟುಕೊಟ್ಟ. “ವರ್ಷ ಆದ್ಮೇಲೂ ಕಸದ ಥರಾನೇ ಕಂಡ್ರೆ ನನ್ನನ್ನ ಬೈಕೋಬೇಡಿ. ಸಭೇಲಿ ಮತಕ್ಕೆ ಹಾಕ್ತೀನಿ.” ಟೈಲರಕ್ಕನ ಗಂಡನೂ ಅವನ ಕಡೆಯೇ. ಬಿಸಿಲಲ್ಲಿ ನಿಂತು ನಿಂತು ಇವನ ಸ್ಕೂಟರಿನ ಸೀಟು ಬಿರುಕು ಬಿಟ್ಟಿತ್ತು.

ವರ್ಷ ತುಂಬಿತು. ಭಾನುವಾರ ಸಭೆ. ತಪ್ಪಾದದ್ದು ಶನಿವಾರ, ಮತ್ತು ತಪ್ಪು ಮಾಡಿದವಳು ಟೈಲರಕ್ಕನೇ.

ನಾಳೆ ಮೂವತ್ತಾರು ಮನೆಯವರು ಬಂದು ನೋಡುತ್ತಾರೆ ಎಂಬ ಯೋಚನೆಯಲ್ಲೇ ಅವಳಿಗೆ ಬೆಳಗಿನ ಐದಕ್ಕೆ ಎಚ್ಚರವಾಯಿತು. ಯಾರಾದರೂ ಬರುತ್ತಾರೆಂದರೆ ಏನು ಮಾಡಬೇಕೆಂದು ಅವಳ ಕೈಗೆ ಗೊತ್ತಿತ್ತು. ಮದುವೆಯಾದ ಮಾರನೇ ದಿನದಿಂದ ಗೊತ್ತಿತ್ತು. ಪೊರಕೆ ಹಿಡಿದು ಇಳಿದಳು. ನಾಲ್ಕನೇ ನಂಬರಿನ ನರ್ಸಮ್ಮನನ್ನು ಕಿಟಕಿ ತಟ್ಟಿ ಎಬ್ಬಿಸಿದಳು. ಒಬ್ಬರನ್ನು ನೋಡಿ ಒಬ್ಬರು ಏಳು ಜನ ಸೇರಿದರು. ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಒಣ ಎಲೆಯೆಲ್ಲ ಗುಡಿಸಿ ರಾಶಿ ಹಾಕಿದರು, ಹೋದ ವರ್ಷದ ಹರಳಿನ ಒಣ ದಂಟುಗಳನ್ನು ಬುಡಕ್ಕೆ ಕಡಿದರು, ಹುಳ ತಿಂದ ಎಕ್ಕದೆಲೆ ಕಿತ್ತರು, ಮಣ್ಣಿನ ಮೇಲೆ ಪೊರಕೆಯ ಗೀರು ಬೀಳುವ ಹಾಗೆ ಬಳಿದರು. ಶನಿವಾರದ ಎಲೆಕಸದ ಲಾರಿಗೆ ಹನ್ನೊಂದು ಮೂಟೆ ಹತ್ತಿಸಿ ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದರು.

“ಈಗ ಅನ್ನಲಿ ಕಸ ಅಂತ,” ಎಂದಳು ನರ್ಸಮ್ಮ.

ಟೀಚರಿಗೆ ಅವತ್ತು ಅರ್ಧ ದಿನದ ಶಾಲೆ. ಹನ್ನೆರಡೂವರೆಗೆ ಚೀಲ ಹೆಗಲಿಗೇರಿಸಿಕೊಂಡೇ ಹಿತ್ತಲಿಗೆ ಬಂದವಳು ಗೋಡೆಯ ಈ ಕೊನೆಯಿಂದ ಆ ಕೊನೆಗೆ ನಡೆದು ಬಂದಳು.

“ದಂಟುಗಳೆಲ್ಲಿ ಅಕ್ಕಾ?”

“ಒಣಗಿದ್ವಲ್ಲ. ತೆಗೆಸ್ದೆ.”

“ಅದರೊಳಗೇ ಅಲ್ವಾ ಅವು ಇದ್ದದ್ದು.”

ಟೈಲರಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ದಂಟಿನ ಬಾಯಿಗೆ ಎಲೆಯ ಬಿಲ್ಲೆ ಮುಚ್ಚಿಟ್ಟದ್ದನ್ನು ಎಷ್ಟು ಸಲ ಬಗ್ಗಿ ನೋಡಿದ್ದಳು. ಆದರೆ ಬೆಳಗ್ಗೆ ಪೊರಕೆ ಕೈಗೆ ಬಂದಮೇಲೆ ಕಂಡದ್ದು ದಂಟಲ್ಲ, ಕಸ. ಎದುರಿನವರು ಏನೆಂದಾರೋ ಎಂದು ಗುಡಿಸುವ ಕಣ್ಣು ಅದು. ಇಡೀ ವರ್ಷ ನೋಡಿ ಕಲಿತದ್ದನ್ನು ಒಂದು ಗಂಟೆಯಲ್ಲಿ ಒರೆಸಿಹಾಕಿತ್ತು.

“ಮುಂದಿನ ಸಲ ಹೊರಗೆ ಬರಬೇಕಾದವೆಲ್ಲ ಅದರಲ್ಲೇ,” ಎಂದಳು ಟೀಚರು, ಮೆಲ್ಲಗೆ. “ಅವು ಹೋದ್ರೆ ನಾಳೆ ಮತ ಗೆದ್ರೂ ಏನಿದೆ ಇಲ್ಲಿ.”

“ಲಾರಿ ಎಲ್ಲಿಗೆ ಹೋಗುತ್ತೆ?”

“ಕೆರೆ ಆಚೆ ಕಸದ ಯಾರ್ಡಿಗೆ. ಎರಡು ಗಂಟೆಗೆ ಯಂತ್ರಕ್ಕೆ ಹಾಕಿ ಪುಡಿ ಮಾಡ್ತಾರೆ.”

ಟೈಲರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಲೆಯ ಮೇಲೆ ಏನೂ ಇಟ್ಟಿರಲಿಲ್ಲ, ಯಂತ್ರದ ಮೇಲೆ ಸಂಜೆಗೆ ಕೊಡಬೇಕಾದ ಆರು ಅಂಗಿಗಳಿದ್ದವು. “ನರ್ಸಮ್ಮಾ, ಸ್ಕೂಟರ್ ತೆಗಿ,” ಎಂದಳು. ಟೀಚರು ಉಳಿದವರನ್ನು ಆಟೋ ಹತ್ತಿಸಿದಳು.

ಯಾರ್ಡಿನಲ್ಲಿ ಎಲೆಕಸದ ರಾಶಿ ಮನೆಯೆತ್ತರ ಇತ್ತು. ಲಾರಿ ಓಡಿಸುವವಳು ನೆರಳಲ್ಲಿ ಬುತ್ತಿ ಬಿಚ್ಚಿ ಕೂತಿದ್ದಳು. ಸಂಗತಿಯನ್ನೆಲ್ಲ ಕೇಳಿ ತುತ್ತು ನುಂಗಿ ಹೇಳಿದಳು: “ಹದಿನೈದು ವರ್ಷದಿಂದ ಕಸ ಎತ್ತುತ್ತಿದ್ದೀನಿ. ವಾಪಸ್ ಕೇಳ್ಕೊಂಡು ಬಂದೋರು ನೀವೇ ಮೊದಲು.”

“ತಪ್ಪು ನಮ್ದೇ ಕಣಮ್ಮಾ. ಎಲ್ಲಿ ಸುರಿದೆ ಅಷ್ಟು ಹೇಳು.”

“ಆ ಎಡಗಡೆ. ಯಂತ್ರದವನು ಎರಡಕ್ಕೆ ಸರಿಯಾಗಿ ಗುಂಡಿ ಒತ್ತುತ್ತಾನೆ. ಅವನ ಊಟ ಸ್ವಲ್ಪ ನಿಧಾನ ಆಗೋ ಹಾಗೆ ನಾನು ಮಾತಾಡಿಸ್ತೀನಿ, ಹೋಗಿ.”

ಎಂಟೂ ಜನ ರಾಶಿಗಿಳಿದರು. ಮೂಟೆಗಳು ಬಾಯಿ ಬಿಚ್ಚಿ ಬೇರೆ ಬೀದಿಗಳ ಕಸದೊಂದಿಗೆ ಕಲಸಿಹೋಗಿದ್ದವು. ದಂಟು ಸಿಕ್ಕಿದರೆ ಸಾಲದು, ಬಾಯಿ ನೋಡಬೇಕು. ಖಾಲಿಯದಾದರೆ ಎಸೆ, ಎಲೆಯ ಬಿಲ್ಲೆ ಕೂತಿದ್ದರೆ ಇಡು, ಅಲುಗಿಸಬೇಡ, ಕುಲುಕಬೇಡ. ಟೈಲರಕ್ಕ ಇದನ್ನು ಮೂರು ಸಲ ಹೇಳಿದಳು. ನರ್ಸಮ್ಮ “ನಾನು ಮಗು ಎತ್ತಿಕೊಳ್ಳೋದು ಕಲಿತು ಇಪ್ಪತ್ತು ವರ್ಷ ಆಯ್ತು ಅಕ್ಕಾ, ಸುಮ್ಮನಿರಿ” ಎಂದಮೇಲೆ ಸುಮ್ಮನಾದಳು.

ಒಂದೂಕಾಲಿಗೆ ಅವಳ ಫೋನು ಕೂಗಿತು. ಗಂಡ.

“ಎಲ್ಲಿದ್ದೀಯ? ಊಟ?”

“ಆಗಿಲ್ಲ. ಅನ್ನಕ್ಕಿಡಿ.”

“ಅಕ್ಕಿ ಡಬ್ಬ ಎಲ್ಲಿ?”

“ಇಪ್ಪತ್ತೆಂಟು ವರ್ಷದಿಂದ ಇದ್ದಲ್ಲೇ.”

“ಅಮ್ಮ ಲೋಟ ಕುಟ್ಟುತ್ತಾ ಇದ್ದಾಳೆ.”

“ನಿಮಗೂ ಕೇಳಿಸುತ್ತಲ್ಲ, ಹೋಗಿ.” ಫೋನನ್ನು ರವಿಕೆಗೆ ಸಿಕ್ಕಿಸಿ ಮತ್ತೆ ಬಗ್ಗಿದಳು. ಅಂಥ ಮಾತನ್ನು ಅವನಿಗೆ ಆಡಿದ್ದು ಅದೇ ಮೊದಲು. ಆದರೆ ಕೈಗೆ ಕೆಲಸವಿತ್ತು.

ಎರಡೂಕಾಲಿಗೆ ಯಂತ್ರ ಶುರುವಾದಾಗ ಮೂವತ್ತೆಂಟು ದಂಟು ಸಿಕ್ಕಿದ್ದವು. ಮಿಕ್ಕವು ಎಷ್ಟಿದ್ದವೋ, ಹೋದವು. ಒಬ್ಬಳು ಮುಖ ಮುಚ್ಚಿಕೊಂಡು ಅತ್ತಳು. ಟೈಲರಕ್ಕ ಅಳಲಿಲ್ಲ. ಆರು ಮೂಟೆ ಒಣ ಎಲೆಯನ್ನೂ ತುಂಬಿಸಿ ಆಟೋದ ಮೇಲೆ ಕಟ್ಟಿಸಿದಳು. ಆಟೋದವನು ಕಸಕ್ಕೆ ಬಾಡಿಗೆ ಹೊಡೆಯಬೇಕಲ್ಲ ಎಂದು ಮೂಗು ಮುರಿದರೂ ಹತ್ತಿಸಿಕೊಂಡ. ಸಂಜೆಯ ಹೊತ್ತಿಗೆ ಎಲೆ ಮೊದಲಿನ ಹಾಗೆ ಮಣ್ಣಿನ ಮೇಲೆ ಹರಡಿತ್ತು. ದಂಟುಗಳನ್ನು ಅವಳು ಅಂಗಿಯ ಕತ್ತರಿಸಿದ ಅಂಚುಗಳಿಂದ ಕಟ್ಟುಕಟ್ಟಾಗಿ ಕಟ್ಟಿ, ಕಟ್ಟಡದ ಗೋಡೆಯ ಸೂರಿನಡಿ ಮಳೆ ತಾಗದಂತೆ ತೂಗುಹಾಕಿದಳು.

ಭಾನುವಾರ ಹನ್ನೊಂದಕ್ಕೆ ಸಭೆ, ಮೆಟ್ಟಿಲಿನ ಕೆಳಗಿನ ಹಾಲಿನಲ್ಲಿ. ನಿಯಮದ ಪುಸ್ತಕದಲ್ಲಿ ‘ಮನೆಗೊಂದು ಮತ’ ಎಂದಿತ್ತು. ಯಾರು ಹಾಕಬೇಕೆಂದು ಬರೆದಿರಲಿಲ್ಲ. ಗಂಡಸರು ಬಂದು ಕೂರುತ್ತಿದ್ದರು, ಹೆಂಗಸರು ಚಹಾ ಕಳಿಸುತ್ತಿದ್ದರು, ಅಷ್ಟೆ. ಅವತ್ತು ಟೈಲರಕ್ಕ ಹೋದಾಗ ಗಂಡ ಎರಡನೇ ಸಾಲಿನಲ್ಲಿ ಕೂತಿದ್ದ. ಅವಳು ಪಕ್ಕದಲ್ಲಿ ನಿಂತಳು.

“ಏಳಿ.”

“ಯಾಕೆ?”

“ನಮ್ಮನೆ ಮತ ನಾನು ಹಾಕ್ತೀನಿ.”

“ಎಲ್ಲರ ಮುಂದೆ ಏನಿದು ಇವಳೇ?”

“ಜಾಗ ನೋಡ್ಕೊಂಡಿದ್ದು ನಾನು. ಸ್ಕೂಟರ್‌ಗೆ ಕವರ್ ಬೇಕಾದ್ರೆ ಹೇಳಿ, ಒಂದು ಗಂಟೇಲಿ ಹೊಲಿದುಕೊಡ್ತೀನಿ. ಏಳಿ.”

ಅವನು ಸುತ್ತ ನೋಡಿದ. ನರ್ಸಮ್ಮನ ಗಂಡ ಆಗಲೇ ಹೆಂಡತಿಗೆ ಜಾಗ ಬಿಟ್ಟು ಎದ್ದು ಗೋಡೆಗೆ ಒರಗಿ ನಿಂತಿದ್ದ. ಇವನೂ ಎದ್ದ, ಮುಖ ಗಂಟಿಕ್ಕಿಕೊಂಡೇ ಎದ್ದ, ಆದರೆ ಎದ್ದ.

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡ. “ನಿನ್ನೆ ಬೆಳಗ್ಗೆ ನೋಡಿ ಸಂತೋಷ ಆಯ್ತು. ಟೈಲ್ಸ್‌ನವರಿಗೆ ಅರ್ಧ ಕೆಲಸ ಉಳಿಸಿಬಿಟ್ರಲ್ಲ ಅಂದ್ಕೊಂಡೆ. ಇವತ್ತು ನೋಡಿದ್ರೆ ಮತ್ತೆ ಅದೇ ಕಸ.”

ಟೈಲರಕ್ಕ ಎದ್ದು ನಿಂತಳು. “ನಿನ್ನೆ ನಾವು ಮಾಡಿದ್ದೇ ತಪ್ಪು ಸಾರ್. ನಿಮಗೆ ಹೆದರಿಕೊಂಡು ಗುಡಿಸ್ದೆ. ಎಷ್ಟೋ ಗೂಡು ಪುಡಿಯಾಗಿ ಹೋಯ್ತು, ಅದಕ್ಕೆ ನಾನೇ ಹೊಣೆ. ಕಸದ ರಾಶಿ ಬಗೆದು ಉಳಿದಷ್ಟು ತಂದಿದ್ದೀವಿ. ಬಂದು ನೋಡಿ, ನೋಡಿ ಆಮೇಲೆ ಕೈ ಎತ್ತಿ. ಆದ್ರೆ ನಿಮ್ಮ ಕಣ್ಣಿಗೆ ಚೆಂದ ಕಾಣಲಿ ಅಂತ ಆ ಜಾಗ ಇನ್ನು ಗುಡಿಸೋದಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ.”

ಹಾಲಿನಲ್ಲಿ ಗುಸುಗುಸು ಎದ್ದಿತು. ಒಂದಷ್ಟು ಜನ ಹಿತ್ತಲಿಗೆ ಹೋಗಿ ಬಂದರು. ಟೀಚರು ಒಂದು ದಂಟನ್ನು ಬೆಳಕಿಗೆ ಹಿಡಿದು ಬಾಯಿಯ ಬಿಲ್ಲೆಯನ್ನು ತೋರಿಸಿದಳು. ಮೂರನೇ ಮಹಡಿಯ ಅಜ್ಜ ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿ, “ಹೊಲಿದ ಹಾಗಿದೆಯಲ್ಲ,” ಎಂದ. ವಾಪಸು ಬಂದು ಕೂತಮೇಲೆ ಕೈಗಳು ಎದ್ದವು. ಉಳಿಸಲು ಹದಿನೇಳು, ಟೈಲ್ಸಿಗೆ ಹದಿನಾಲ್ಕು.

ಕಾರ್ಯದರ್ಶಿ ಸೋಲನ್ನು ನುಂಗಿಕೊಂಡು ನಡಾವಳಿ ಪುಸ್ತಕ ತೆರೆದ. ಬರೆಯುತ್ತಾ ಗಟ್ಟಿಯಾಗಿ ಓದಿದ: “ಸದರಿ ಜಾಗವನ್ನು ಹಾಗೆಯೇ ಉಳಿಸತಕ್ಕದ್ದು. ಅದರ ಆರೈಕೆಯನ್ನು ಮಹಿಳೆಯರು ನೋಡಿಕೊಳ್ಳತಕ್ಕದ್ದು.”

“ಅದನ್ನ ಹೊಡೆದುಹಾಕಿ ಸಾರ್,” ಎಂದಳು ಟೈಲರಕ್ಕ. ಅವಳು ಇನ್ನೂ ಕೂತಿರಲಿಲ್ಲ.

“ಏನನ್ನ? ಗೆದ್ದಿದ್ದೀರಲ್ಲ.”

“ಮಹಿಳೆಯರು ಅನ್ನೋದನ್ನ. ಮನೆಗೊಬ್ಬರು ಅಂತ ಬರೀರಿ. ವಾರಕ್ಕೊಂದು ಮನೆ ಸರದಿ.”

“ಗಂಡಸರೂ ನೀರು ಹಾಕಬೇಕಾ ಹಾಗಾದ್ರೆ?”

“ಮತ ಮನೆಗೊಂದು ಅಂದ್ರೆ ಕೆಲಸಾನೂ ಮನೆಗೊಂದೇ. ಯಾರು ಬರ್ತಾರೆ ಅನ್ನೋದನ್ನ ಆ ಮನೆಯವರು ನೋಡ್ಕೊಳ್ಳಲಿ. ಏನು ಗುಡಿಸಬಾರದು ಅನ್ನೋದನ್ನ ಟೀಚರು ಹೇಳಿಕೊಡ್ತಾರೆ. ಬರೋ ವಾರ ಒಂದನೇ ನಂಬರಿಂದಲೇ, ನಿಮ್ಮನೆಯಿಂದಲೇ ಶುರು ಮಾಡೋಣ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕಾರ್ಯದರ್ಶಿ ಅವರ ಕಡೆ ನೋಡಿದ, ಬಾಗಿಲಲ್ಲಿ ನಿಂತಿದ್ದ ತನ್ನ ಹೆಂಡತಿಯ ಕಡೆ ನೋಡಿದ. ಅವಳು ಕೈಕಟ್ಟಿಕೊಂಡು ಗೋಡೆಯ ಗಡಿಯಾರ ನೋಡುತ್ತಿದ್ದಳು. ಅವನು ಆ ಪದದ ಮೇಲೆ ಗೆರೆ ಎಳೆದ. ಟೈಲರಕ್ಕ ಮೇಜಿನ ಹತ್ತಿರ ಬಂದು, ಅವನು ಮೇಲೆ ಹೊಸದಾಗಿ ಬರೆಯುತ್ತಿದ್ದ ಒಂದೊಂದು ಅಕ್ಷರವನ್ನೂ ಓದಿಕೊಂಡು, ಅವನ ಸಹಿ ಬೀಳುವ ತನಕ ಅಲ್ಲಿಂದ ಕದಲಲಿಲ್ಲ.