ಚಿಗವ್ವ ಮರದ ಕುದುರೆ ಹತ್ತಿದ್ದು

ಮೊಮ್ಮಗನ ಶಾಲೆಯಿಂದ ಒಂದು ಕಾಗದ ಬಂದಿದೆ. ಮಾತು ತಡವಾಗಿ ಬರುವ, ಕೆಲವೊಮ್ಮೆ ಬಾರದೆಯೇ ಇರುವ, ಸದ್ದಾದರೆ ಕಿವಿ ಮುಚ್ಚಿಕೊಳ್ಳುವ ಮಕ್ಕಳಿಗೆಂದೇ ನಡೆಯುವ ಶಾಲೆ ಅದು. ಮುಂದಿನ ವಾರ ಮಕ್ಕಳನ್ನೆಲ್ಲ ದೊಡ್ಡದೊಂದು ಆಟದ ಪಾರ್ಕಿಗೆ ಕರೆದುಕೊಂಡು ಹೋಗುತ್ತಾರಂತೆ. ಕಾಗದದಲ್ಲಿ ಒಂದು ಪ್ರಶ್ನೆ: ‘ನಿಮ್ಮ ಮಗು ಯಾವುದರಿಂದ ಶಾಂತವಾಗುತ್ತದೆ?’ ಸೊಸೆ ಪೆನ್ನು ಹಿಡಿದು ಅದರ ಮುಂದೆ ಅರ್ಧ ತಾಸಿನಿಂದ ಕೂತಿದ್ದಳು. ನಾನು ಇಸಿದುಕೊಂಡು ಓದಿದೆ. ಓದಿದ್ದೇ ತಡ, ಮೂಗಿಗೆ ಆಗತಾನೇ ಬೀಸಿದ ಜೋಳದ ಹಿಟ್ಟಿನ ವಾಸನೆ ಬಂತು. ನಗಬೇಡಿ. ಎಂಬತ್ತರ ಮೂಗು ಹಾಗೆಯೇ. ಒಲೆಯ ಮೇಲೆ ಸೀಯುತ್ತಿರುವ ಒಗ್ಗರಣೆ ಅದಕ್ಕೆ ತಿಳಿಯುವುದಿಲ್ಲ, ಎಪ್ಪತ್ತು ವರ್ಷದ ಹಿಂದಿನ ಹಿಟ್ಟು ತಿಳಿಯುತ್ತದೆ.

ಆ ಹಿಟ್ಟು ನಮ್ಮ ಚಿಗವ್ವನದು, ಅಂದರೆ ಅಪ್ಪನ ತಮ್ಮನ ಹೆಂಡತಿಯದು. ನಾವು ಆಗ ಉದಗೀರದ ಹತ್ತಿರದ ಹಳ್ಳಿ ವಲಾಂಡಿಯಲ್ಲಿದ್ದೆವು. ಪೊಲೀಸ್ ಆ್ಯಕ್ಷನ್ ಮುಗಿದು ಮೂರ್ನಾಲ್ಕು ವರ್ಷವಾಗಿರಬೇಕು. ಶಾಲೆಯಲ್ಲಿ ಉರ್ದು ಹೋಗಿ ಮರಾಠಿ ಬಂದಿತ್ತು, ಮನೆಯಲ್ಲಿ ಕನ್ನಡ ಇದ್ದಲ್ಲೇ ಇತ್ತು. ಊರಿಗೆ ಹೊಸದಾಗಿ ಹಿಟ್ಟಿನ ಗಿರಣಿಯೂ ಬಂದಿತ್ತು. ಅದರ ಪುಕ್‌ಪುಕ್ ಸದ್ದು ಕೇಳಿದರೆ ನಮ್ಮಂಥ ಮಕ್ಕಳು ಕಾಳಿನ ಬುಟ್ಟಿ ಹೊತ್ತು ಓಡುತ್ತಿದ್ದೆವು. ಓಣಿಯ ಹೆಂಗಸರೆಲ್ಲ ಬೀಸುಕಲ್ಲನ್ನು ಮೂಲೆಗೆ ತಳ್ಳಿ ರಟ್ಟೆ ನೀವಿಕೊಂಡರು. ಚಿಗವ್ವ ಮಾತ್ರ ತಳ್ಳಲಿಲ್ಲ. ದಿನಾ ಕಲ್ಲಿಗೆ ವಿಭೂತಿ ಹಚ್ಚಿ, ಕೈ ಮುಗಿದು, ಗೂಟ ಹಿಡಿದು ಕೂಡುವಳು. ತನ್ನ ಮನೆಯ ಜೋಳ ಮುಗಿದರೆ ನೆರೆಮನೆಯವರದನ್ನು ಬೇಡಿ ತಂದು ಬೀಸುವಳು.

“ಊರಾಗ ಗಿರಣಿ ಇದ್ದು ನಮ್ಮ ಮನಿ ಹೆಂಗಸು ಬೀಸತಾಳಂದ್ರ ಮಂದಿ ನನಗೇನಂದಾರು?” ಎಂದು ಅವಳ ಗಂಡ, ನಮ್ಮ ಕಾಕಾ, ರೇಗುತ್ತಿದ್ದ. ಮಂದಿ ಅನ್ನುವುದನ್ನೆಲ್ಲ ಅಂದೂ ಆಗಿತ್ತು. ಜಿಪುಣಿ ಎಂದರು, ಹುಚ್ಚಿ ಎಂದರು. ನಾನೂ ಒಮ್ಮೆ ಅಂದಿದ್ದೆ, ಹತ್ತು ವರ್ಷದ ಹುಡುಗಿಗೆ ಇರಬಾರದಷ್ಟು ಬಾಯಿ ನನಗಿತ್ತು.

ನಿಜವಾದ ಕಾರಣ ಅವಳ ಮಗ ಸಂಗಪ್ಪ. ಏಳು ವರ್ಷವಾದರೂ ಅವನಿಗೆ ಮಾತಿರಲಿಲ್ಲ. ಮುಟ್ಟಿದರೆ ಚೀರುವನು, ನಾಲ್ಕು ಮಂದಿ ಕೂಡಿದರೆ ಗೋಡೆಗೆ ತಲೆ ಚಚ್ಚಿಕೊಳ್ಳುವನು. ಕಲ್ಲು ತಿರುಗತೊಡಗಿತೋ, ಬಂದು ಎದುರಿಗೆ ಕೂತು ತಾಸುಗಟ್ಟಲೆ ನೋಡುವನು. ಕಲ್ಲು ನಿಂತರೆ ಅಳು. ಹಾಗಾಗಿ ಅವಳು ನಿಲ್ಲಿಸುತ್ತಿರಲಿಲ್ಲ. ಅವಳ ಅಂಗೈ ಮುಟ್ಟಿದರೆ ಒಣಗಿದ ತೊಗಲಿನಂತೆ ಗಟ್ಟಿಯಾಗಿತ್ತು.

ಒಂದು ಮಧ್ಯಾಹ್ನ ಕಾಳು ಹಾಕಿಕೊಡುತ್ತ ಕೂತಿದ್ದಾಗ ಚಿಗವ್ವ ತಾನಾಗಿ ಹೇಳಿದಳು: “ಎಲ್ಲಾರ ಮಕ್ಕಳು ಅವ್ವನ ಮಾರಿ ನೋಡತಾವ. ನಮ್ಮಂವಾ ಕಲ್ಲು ನೋಡತಾನ. ಒಂದೇ ಒಂದ್ ಸಲ ನನ್ನ ಮಾರಿ ನೋಡಿದ್ರ ಸಾಕವ್ವ ನನಗ.”

ಅದೇ ಚಳಿಗಾಲ ಉದಗೀರದಲ್ಲಿ ನುಮಾಯಿಶ್ ಬಂತು. ಹೊಸ ಸರಕಾರದವರು ಬಯಲಲ್ಲಿ ಡೇರೆ ಹೊಡೆದು ಹೊಸ ಬೀಜ, ಕಬ್ಬಿಣದ ನೇಗಿಲು, ದಪ್ಪ ದಪ್ಪ ಎತ್ತು ತೋರಿಸುವ ಪ್ರದರ್ಶನ. ಜೊತೆಗೆ ಮಕ್ಕಳಿಗೆ ಪಾಳಣಾ, ಅಂದರೆ ತಿರುಗುವ ತೊಟ್ಟಿಲು, ಮತ್ತು ಸುತ್ತುವ ಮರದ ಕುದುರೆಗಳೂ ಬಂದಿವೆ ಎಂದು ಕಾಕಾ ಸುದ್ದಿ ತಂದ. ಮನೆಯಲ್ಲಿ ಎಲ್ಲರಿಗೂ ಒಂದೇ ಲೆಕ್ಕ ಹೊಳೆಯಿತು: ಕಲ್ಲು ಸುತ್ತುವುದನ್ನು ನೋಡಿ ಇಷ್ಟು ಸುಖಪಡುವ ಹುಡುಗ, ಸುತ್ತುವುದರ ಮೇಲೇ ಕೂತರೆ ಇನ್ನೆಷ್ಟು ಸುಖಪಟ್ಟಾನು! ನಾನಂತೂ ಅವನ ಹೆಸರಿನಲ್ಲಿ ನನಗೂ ಒಂದು ಕುದುರೆ ಸಿಕ್ಕೀತೆಂದು ಬಲವಾಗಿ ಹೌದು ಅಂದೆ.

ಬಂಡಿ ಕಟ್ಟಿಕೊಂಡು ಹೋದೆವು. ಸಂಗಪ್ಪ ದಾರಿಯುದ್ದಕ್ಕೂ ಬಗ್ಗಿ ಬಂಡಿಯ ಗಾಲಿ ನೋಡುತ್ತ ತಣ್ಣಗಿದ್ದ. ನುಮಾಯಿಶಿನ ಬಾಗಿಲಲ್ಲಿ ಕಾಕಾ, “ನೀವು ಕುದುರಿ ಕಡೀ ಹೋಗ್ರಿ, ನಾ ನೇಗಿಲಾ ನೋಡಿ ಬರತೀನಿ” ಎಂದು ತಪ್ಪಿಸಿಕೊಂಡ. ಮಗನೊಡನೆ ಮಂದಿಯ ಮುಂದೆ ನಿಲ್ಲುವ ಧೈರ್ಯ ಅವನಿಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ನಡುವೆ ಒಂದು ಕಂಬ, ಸುತ್ತಲೂ ಆರು ಕುದುರೆ, ಕೈಯಿಂದ ನೂಕಿ ಸುತ್ತಿಸುವ ಗಡ್ಡದ ಮುದುಕ. ಸಂಗಪ್ಪನನ್ನು ಎತ್ತಿ ಕೂಡಿಸಿದೆವು. ಒಂದು ಸುತ್ತು ಆಗಿರಲಿಲ್ಲ, ಅವನು ಇಡೀ ಬಯಲು ತಿರುಗಿ ನೋಡುವ ಹಾಗೆ ಚೀರಿದ. ಕುದುರೆಯ ಕತ್ತಿಗೆ ತಲೆ ಚಚ್ಚಿಕೊಂಡ. ಮಂದಿ ನೆರೆದರು. “ಭೂತ ಬಡಿದೈತಿ” ಎಂದು ಯಾರೋ ಅಂದರು. ಚಿಗವ್ವ ಸೆರಗು ಕಚ್ಚಿಕೊಂಡು ನಿಂತಳು. ನಾನು? ನಾನು ಬೆಲ್ಲದ ಅಂಗಡಿಯ ಹಿಂದೆ ಸರಿದು, ಇವರು ಯಾರೋ ನನಗೆ ಗೊತ್ತಿಲ್ಲ ಎಂಬಂತೆ ಬೆಲ್ಲದ ಇರುವೆ ನೋಡತೊಡಗಿದೆ.

ಮುದುಕ ಚಕ್ರ ನಿಲ್ಲಿಸಿ ಹುಡುಗನನ್ನು ಇಳಿಸಿಕೊಟ್ಟ. ಇಳಿದವನು ಓಡಿಹೋಗಲಿಲ್ಲ. ನಿಂತಿದ್ದ ಕುದುರೆಗಳನ್ನು ಕೈಯಿಂದ ನೂಕತೊಡಗಿದ. ಮುದುಕ ತುಸು ಹೊತ್ತು ನೋಡಿದ. “ಅಮ್ಮಾ, ಇಸ್ಕೊ ಬೈಠನಾ ನಕ್ಕೊ, ದೇಖನಾ ಹೋನಾ” ಎಂದ. ಇವನಿಗೆ ಕೂಡುವುದು ಬೇಡ, ನೋಡುವುದು ಬೇಕು ಎಂದು. ಏಳು ವರ್ಷ ಜೊತೆಗಿದ್ದ ನಮಗಾರಿಗೂ ಹೊಳೆಯದ್ದು ಅವನಿಗೆ ಹೊಳೆಯಿತು. ಮೇಲೆ ಕೂತವನಿಗೆ ಚಕ್ರ ಎಲ್ಲಿ ಕಾಣಬೇಕು? ಊರೇ ಗಿರಗಿರ ಸುತ್ತುತ್ತದೆ.

ಮುದುಕ ಖಾಲಿ ಕುದುರೆಗಳನ್ನೇ ಸುತ್ತಿಸಿದ. ಸಂಗಪ್ಪ ಮಣ್ಣಲ್ಲಿ ಕೂತು ಸುಮ್ಮನಾದ. ಚಿಗವ್ವ ತನ್ನ ಎರಡೂ ಕೈ ನೋಡಿಕೊಂಡಳು, ಅವಕ್ಕೆ ಏನು ಕೆಲಸ ಕೊಡುವುದೆಂದು ತಿಳಿಯದವಳ ಹಾಗೆ. ಆಮೇಲೆ ಮುದುಕನಿಗೆ ನಿಲ್ಲಿಸಲು ಸನ್ನೆ ಮಾಡಿದಳು. ಉಟ್ಟ ಲುಗಡೆ ಸೀರೆಯ ಕಚ್ಚೆ ಬಿಗಿದು, ಸೆರಗು ತಲೆ ತುಂಬ ಹೊದ್ದು, ಕುದುರೆ ಹತ್ತಿ ಕೂತಳು!

ಮಂದಿ ನಕ್ಕರು. ನಾನು ಓಡಿಬಂದು, “ಚಿಗವ್ವಾ, ಇಳಿ, ಕಾಕಾಗ ಹೇಳತೀನಿ” ಎಂದು ಅತ್ತೆ. ಅವಳು ಕೇಳಲಿಲ್ಲ. ಸುತ್ತಿದಳು. ಪ್ರತಿ ಸಲ ಅವಳ ಕುದುರೆ ಎದುರಿಗೆ ಬಂದಾಗ ಸಂಗಪ್ಪ ತಲೆ ಎತ್ತುತ್ತಿದ್ದ, ದಾಟಿ ಹೋದಾಗ ಕಾಯುತ್ತಿದ್ದ. ನಾಲ್ಕನೆಯದೋ ಐದನೆಯದೋ ಸುತ್ತಿಗೆ ಸಣ್ಣಗೆ ನಕ್ಕ. ಅವನು ನಕ್ಕದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ಇಳಿದು ಬಂದವಳ ಕಣ್ಣು ತುಂಬಿತ್ತು. “ನೋಡ್ಯಾನಲ್ಲ? ನನ್ನ ಮಾರಿ ನೋಡ್ಯಾನಲ್ಲ?” ಎಂದು ನನ್ನ ಭುಜ ಅಲ್ಲಾಡಿಸಿ ಕೇಳಿದಳು.

“ಅಂವಾ ಕುದುರಿ ನೋಡ್ಯಾನ” ಅಂದೆ.

ಅಂದುಬಿಟ್ಟೆ ನೋಡಿ. ಚಿಗವ್ವ ನನ್ನ ಭುಜ ಬಿಟ್ಟು, “ಇರವಲ್ದ್ಯಾಕ. ಕುದುರಿ ಮ್ಯಾಲ ನಾನೇ ಇದ್ದೆನಲ್ಲ” ಎಂದು ಮಗನ ಅಂಗಿಯ ಮಣ್ಣು ಜಾಡಿಸಿದಳು.

ಸಂಗಪ್ಪ ಮೂವತ್ತು ದಾಟುವ ಮೊದಲೇ ತೀರಿಕೊಂಡ. ಚಿಗವ್ವ ಮಾತ್ರ ಬಹಳ ಕಾಲ ಬದುಕಿದಳು. ಉದಗೀರದಲ್ಲಿ ಮಗ ತನ್ನನ್ನು ನೋಡಿದ್ದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು, ಹೇಳುವಾಗ ಒಮ್ಮೆಯೂ ನನ್ನ ಕಡೆ ತಿರುಗುತ್ತಿರಲಿಲ್ಲ. ನಾನು ಕ್ಷಮೆ ಕೇಳಲಿಲ್ಲ. ಕೇಳಬೇಕಿತ್ತು.

“ಪಾರ್ಕಿಗೆ ಕಳಸೋದೇ ಬ್ಯಾಡ ಬಿಡ್ರಿ, ಅತ್ತಿ,” ಸೊಸೆ ಪೆನ್ನು ಕೆಳಗಿಟ್ಟಳು. “ಯಾವುದರ ಮ್ಯಾಲೂ ಹತ್ತಂಗಿಲ್ಲ ಅಂವಾ, ದೂರ ನಿಂತು ನೋಡತಾನಷ್ಟ.”

“ಅಂವಾ ಹತ್ತೋದು ಬ್ಯಾಡ. ನನ್ನನ್ನೂ ಕರ್ಕೊಂಡು ನಡಿ. ನಾ ಅಂವನ ಬಾಜೂಕ ಕುಂದರತೀನಿ, ನೀ ಹತ್ತು.”

“ನಾನಾ? ಮಂದಿ ನಗಂಗಿಲ್ಲೇನ್ರಿ?”

“ನಗತಾರ.”

ಸೊಸೆ ಕಾಗದ ಹತ್ತಿರ ಎಳೆದುಕೊಂಡು ಜೊತೆಗೆ ಬರುವವರ ಸಾಲಿನಲ್ಲಿ ಇಬ್ಬರ ಹೆಸರನ್ನೂ ಬರೆದಳು. ಇಳಿದು ಬಂದು ಅವಳೂ ಅದನ್ನೇ ಕೇಳುತ್ತಾಳೆ, ನನಗೆ ಗೊತ್ತು. ಹೂಂ ಅನ್ನುತ್ತೇನೆ. ನಿನ್ನನ್ನೇ ನೋಡ್ಯಾನವ್ವ, ಅನ್ನುತ್ತೇನೆ.